ಕತ್ತು ನೋಯಿಸದ ಕ್ಯಾಮೆರಾ ಸ್ಟ್ರ್ಯಾಪ್: ಪ್ರವಾಸಕ್ಕೆ ಹೊರಡುವ ಮುನ್ನ ಆರಿಸಿಕೊಳ್ಳುವುದು ಹೇಗೆ?

ಪ್ರವಾಸದ ಮೊದಲ ದಿನ ರಾತ್ರಿ ಸ್ನಾನಕ್ಕೆ ನಿಂತಿದ್ದೆ. ಬಿಸಿನೀರು ಬಿದ್ದ ಕೂಡಲೇ ಕತ್ತಿನ ಹಿಂದೆ ಚುರ್ರೆಂದಿತು. ಮುಟ್ಟಿ ನೋಡಿದರೆ ಬೆರಳಗಲದ ಬರೆ. ಅಂದು ನಾನು ತೆಗೆದದ್ದು ನೂರು ಫೋಟೊ. ಒಂದೊಂದಕ್ಕೆ ಐದಾರು ಸೆಕೆಂಡು ಎಂದರೂ ಕ್ಯಾಮೆರಾ ಕಣ್ಣಿಗೆ ಹತ್ತಿದ್ದು ಒಟ್ಟು ಹತ್ತೇ ನಿಮಿಷ. ಮಿಕ್ಕ ಒಂಬತ್ತು ಗಂಟೆ ಅದು ಕೊರಳಲ್ಲಿ ಜೋತಾಡುತ್ತಿತ್ತು. ಆ ಹತ್ತು ನಿಮಿಷಕ್ಕಾಗಿ ಲೆನ್ಸ್ ಯಾವುದು, ಫಿಲ್ಟರ್ ಯಾವುದು ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದವನು ಒಂಬತ್ತು ಗಂಟೆಯ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ಡಬ್ಬದಲ್ಲಿ ಬಂದ ಪಟ್ಟಿಯನ್ನೇ ಸಿಕ್ಕಿಸಿಕೊಂಡು ಹೊರಟಿದ್ದೆ.

ಎಷ್ಟೋ ಜನ ಕತ್ತು ನೋಯುತ್ತದೆ ಎಂದು ಒಳ್ಳೆಯ ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಇನ್ನು ಕೆಲವರು ಕ್ಯಾಮೆರಾವನ್ನೇ ಮಾರಿಬಿಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಮೊದಲು ಸ್ಟ್ರ್ಯಾಪ್ ಬದಲಿಸಿ ನೋಡಿ. ಅದನ್ನು ಆರಿಸುವಾಗ ಫೋಟೊ ತೆಗೆಯುವ ಹೊತ್ತನ್ನು ಮರೆತು, ತೆಗೆಯದೆ ಸುಮ್ಮನೆ ನಡೆಯುವ ಹೊತ್ತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಹೆಜ್ಜೆ 1: ತೂಗಿ ನೋಡಿ

ಅಡುಗೆಮನೆಯ ತಕ್ಕಡಿ ಸಾಕು. ಪ್ರವಾಸದಲ್ಲಿ ಹೇಗೆ ಒಯ್ಯುತ್ತೀರೋ ಹಾಗೆಯೇ ಇಡಿ: ಬ್ಯಾಟರಿ, ಕಾರ್ಡು, ಲೆನ್ಸ್, ಹುಡ್, ಫಿಲ್ಟರ್ ಎಲ್ಲವೂ ಸೇರಿ. ಕಂಪನಿ ಹೇಳುವ ತೂಕದಲ್ಲಿ ಲೆನ್ಸ್ ಇರುವುದಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಇರುವುದಿಲ್ಲ. ಕ್ಯಾನನ್ ಆರ್6 ಮಾರ್ಕ್ 2 ಬ್ಯಾಟರಿ, ಕಾರ್ಡು ಸೇರಿ 670 ಗ್ರಾಂ. ಅದಕ್ಕೆ 24-105 ಎಫ್4 ಲೆನ್ಸ್ ಹಾಕಿದರೆ ಇನ್ನೊಂದು 700 ಗ್ರಾಂ. ಅಲ್ಲಿಗೆ 1,370 ಗ್ರಾಂ ಆಯಿತು. ರಿಕೋ ಜಿಆರ್ 3 ಲೆನ್ಸ್ ಸಮೇತ 257 ಗ್ರಾಂ ಮಾತ್ರ. ಇವೆರಡಕ್ಕೂ ಒಂದೇ ಸ್ಟ್ರ್ಯಾಪ್ ಹೊಂದೀತು ಎನ್ನುವುದು ಹೇಗೆ?

ನನ್ನ ಲೆಕ್ಕ ಹೀಗಿದೆ. ಅರ್ಧ ಕೆಜಿಯೊಳಗಿದ್ದರೆ ಮಣಿಕಟ್ಟಿನ ಪಟ್ಟಿ ಅಥವಾ ತೆಳುವಾದ ಕೊರಳ ಪಟ್ಟಿ ಧಾರಾಳವಾಯಿತು. ಇಂಥ ಪುಟ್ಟ ಕ್ಯಾಮೆರಾಕ್ಕೆ ದಪ್ಪ ಮೆತ್ತೆಯ ಸ್ಟ್ರ್ಯಾಪ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಜೇಬಿಗೂ ಹೋಗುವುದಿಲ್ಲ, ಚೀಲದಲ್ಲೂ ಮಡಚಿ ಕೂರುವುದಿಲ್ಲ. ಅರ್ಧದಿಂದ ಒಂದು ಕೆಜಿಯವರೆಗೆ ಮಧ್ಯಮ ಅಗಲದ್ದು. ಒಂದು ಕೆಜಿ ದಾಟಿತೋ, ಕೊರಳಿನ ಆಸೆ ಬಿಟ್ಟು ಹೆಗಲಿನಿಂದ ಅಡ್ಡಲಾಗಿ ಹಾಕುವುದನ್ನು ನೋಡಿ. ಎರಡು ಕೆಜಿ ದಾಟಿದರೆ ಅಥವಾ ಎರಡು ಕ್ಯಾಮೆರಾ ಇದ್ದರೆ ಎರಡೂ ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಬೇಕು.

ಹೆಜ್ಜೆ 2: ಮೈಮೇಲೆ ಎಲ್ಲಿ ತೂಗಬೇಕು?

ಇದು ನಿರ್ಧಾರವಾಗದೆ ಅಂಗಡಿಗೆ ಹೋಗಬೇಡಿ. ಬಣ್ಣ, ಬಟ್ಟೆ, ಬ್ರ್ಯಾಂಡು ಎಲ್ಲ ಆಮೇಲೆ.

ಕೊರಳಿಗೆ ಹಾಕಿಕೊಳ್ಳುವುದು ಎಲ್ಲರಿಗೂ ರೂಢಿ. ಕ್ಯಾಮೆರಾ ಕೈಗೆ ಬೇಗ ಸಿಗುತ್ತದೆ, ಕಣ್ಣೆದುರೇ ಇರುತ್ತದೆ. ತೊಂದರೆ ಏನೆಂದರೆ ತೂಕವೆಲ್ಲ ಎದೆಯ ಮುಂದೆ ನೇತಾಡುತ್ತ ಕತ್ತನ್ನು ಮುಂದಕ್ಕೆ ಎಳೆಯುತ್ತದೆ. ದೊಡ್ಡವರ ತಲೆಯೇ ನಾಲ್ಕೂವರೆ, ಐದು ಕೆಜಿ ಇರುತ್ತದೆ. ಅದನ್ನು ಎತ್ತಿ ಹಿಡಿಯುವ ಸ್ನಾಯುಗಳಿಗೆ ಇದೊಂದು ಹೆಚ್ಚಿನ ಹೊರೆ. ಜೊತೆಗೆ ಪ್ರತಿ ಹೆಜ್ಜೆಗೂ ಕ್ಯಾಮೆರಾ ಹೊಟ್ಟೆಗೆ ಬಡಿಯುತ್ತದೆ. ಒಂದು ಗಂಟೆಯ ಸುತ್ತಾಟಕ್ಕೆ ಪರವಾಗಿಲ್ಲ, ಇಡೀ ದಿನಕ್ಕೆ ಬೇಡ.

ಒಂದೇ ಹೆಗಲಿಗೆ ಚೀಲದ ಹಾಗೆ ತಗುಲಿಸಿಕೊಳ್ಳುವುದು ನೋಡಲು ಚೆಂದ. ಆದರೆ ಜಾರಿಹೋದೀತೆಂಬ ಭಯಕ್ಕೆ ನಮಗೇ ತಿಳಿಯದಂತೆ ಆ ಹೆಗಲನ್ನು ಎತ್ತಿ ಹಿಡಿದಿರುತ್ತೇವೆ. ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಿ, ಒಂದು ಹೆಗಲು ಮೇಲೆ, ಒಂದು ಕೆಳಗೆ ಕಾಣುತ್ತದೆ. ಸಂಜೆ ನೋಯುವುದು ಆ ಎತ್ತಿಹಿಡಿದ ಸ್ನಾಯುವೇ.

ಅಡ್ಡಲಾಗಿ, ಅಂದರೆ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಜನಿವಾರದಂತೆ ಹಾಕಿಕೊಂಡರೆ ಕತ್ತಿಗೆ ಬಿಡುವು ಸಿಗುತ್ತದೆ, ಜಾರುವ ಭಯವಿಲ್ಲ, ಕಿತ್ತುಕೊಂಡು ಓಡುವುದೂ ಸುಲಭವಲ್ಲ. ಹೆಚ್ಚು ನಡೆಯುವ ಪ್ರವಾಸಕ್ಕೆ ನನ್ನ ಮತ ಇದಕ್ಕೇ. ಇದರಲ್ಲೂ ಎರಡು ಬಗೆಯಿದೆ. ಒಂದು, ಸ್ಟ್ರ್ಯಾಪ್ ಹೆಗಲ ಮೇಲೆ ನಿಂತಲ್ಲೇ ನಿಂತು, ಕ್ಯಾಮೆರಾ ಮಾತ್ರ ಒಂದು ಕೊಂಡಿಯಲ್ಲಿ ಪಟ್ಟಿಯ ಉದ್ದಕ್ಕೂ ಜಾರಿ ಕಣ್ಣಿಗೆ ಬರುವುದು. ಬ್ಲ್ಯಾಕ್‌ರ‍್ಯಾಪಿಡ್‌ನವರ ಸ್ಲಿಂಗ್‌ಗಳು ಈ ಜಾತಿಯವು. ಇನ್ನೊಂದು, ಕ್ಯಾಮೆರಾದ ಎರಡು ಕಡೆ ಬಿಗಿದ ಪಟ್ಟಿ ಇಡಿಯಾಗಿ ಹೆಗಲ ಮೇಲೆ ಹರಿದು ಬರುವುದು.

ಇಲ್ಲೇ ಬಹಳ ಜನ ಎಡವುವುದು. ಸ್ಟ್ರ್ಯಾಪಿನ ಒಳಮೈ ಮುಟ್ಟಿ ನೋಡಿ. ರಬ್ಬರಿನ ಚುಕ್ಕಿಗಳಿದ್ದು ತಡೆದು ಹಿಡಿಯುವಂತಿದ್ದರೆ ಅದು ಒಂದೇ ಹೆಗಲಿಗೆ ತಗುಲಿಸುವವರಿಗೆ ಮಾಡಿದ್ದು. ಅದನ್ನು ಅಡ್ಡಲಾಗಿ ಹಾಕಿಕೊಂಡು ಕ್ಯಾಮೆರಾ ಎತ್ತಿದರೆ ಅಂಗಿಯೂ ಜೊತೆಗೆ ಮೇಲೆ ಬರುತ್ತದೆ. ಎರಡು ಕಡೆ ಬಿಗಿದು ಅಡ್ಡ ಹಾಕುವವರಿಗೆ ನುಣುಪಾದ ಒಳಮೈ ಬೇಕು. ಪೀಕ್ ಡಿಸೈನ್ ಸ್ಲೈಡ್‌ನಂಥವು ಒಂದು ಮೈ ನುಣುಪು, ಇನ್ನೊಂದು ಮೈ ಹಿಡಿತ ಇರುವಂತೆ ಮಾಡಿ, ಬೇಕಾದಂತೆ ತಿರುಗಿಸಿಕೊಳ್ಳಲು ಬಿಟ್ಟಿವೆ.

ಎದೆಯ ಮೇಲೆ ಪಟ್ಟಿ ಅಡ್ಡ ಹಾಯುವುದು ಹೆಂಗಸರಲ್ಲಿ ಹಲವರಿಗೆ ಇರಿಸುಮುರಿಸು. ಅಂಥವರಿಗೆ ಅಗಲವಾದ ಮೆತ್ತೆ ಹೆಗಲ ಮೇಲಷ್ಟೇ ಇದ್ದು, ಎದೆಯ ಮೇಲೆ ಹಾಯುವ ಭಾಗ ಕಿರಿದಾಗಿರುವ ಸ್ಟ್ರ್ಯಾಪ್ ವಾಸಿ.

ಬೆನ್ನಿಗೆ ಚೀಲ ಇರುತ್ತದೆಯೇ? ಹಾಗಿದ್ದರೆ ಮೊದಲು ಚೀಲ, ಅದರ ಮೇಲೆ ಕ್ಯಾಮೆರಾ. ಈ ಕ್ರಮ ತಪ್ಪಿದರೆ ಸ್ಟ್ರ್ಯಾಪ್ ಚೀಲದ ಪಟ್ಟಿಯಡಿ ಸಿಕ್ಕಿಕೊಂಡು, ಹಕ್ಕಿ ಹಾರಿಹೋದ ಮೇಲೆ ಕ್ಯಾಮೆರಾ ಮೇಲೆ ಬರುತ್ತದೆ. ಬೆಟ್ಟ ಹತ್ತುವವರು ಸ್ಟ್ರ್ಯಾಪಿನ ಬದಲು ಚೀಲದ ಹೆಗಲ ಪಟ್ಟಿಗೇ ಕಚ್ಚುವ ಕ್ಲಿಪ್ ನೋಡಬಹುದು. ಎರಡು ಕೈಯೂ ಬಿಡುವಾಗಿರುತ್ತದೆ, ಕ್ಯಾಮೆರಾ ಓಲಾಡುವುದಿಲ್ಲ. ಆದರೆ ಚೀಲ ಇಳಿಸಿದಾಗ ಅದೂ ಇಳಿಯುತ್ತದೆ ಎನ್ನುವುದು ನೆನಪಿರಲಿ.

ಹೆಜ್ಜೆ 3: ಉದ್ದವನ್ನು ಹಗ್ಗದಲ್ಲಿ ಅಳೆಯಿರಿ

ಎರಡು ಮೀಟರ್ ಹಗ್ಗ ತೆಗೆದುಕೊಳ್ಳಿ. ಎರಡೂ ತುದಿಯನ್ನು ಕ್ಯಾಮೆರಾದ ಎರಡು ಕಿವಿಗೆ, ಅಂದರೆ ಪಟ್ಟಿ ಸಿಕ್ಕಿಸಲು ಎರಡು ಬದಿಯಲ್ಲಿರುವ ಕಂಡಿಗಳಿಗೆ, ಕಟ್ಟಿ. ಬೀಳಬಾರದಲ್ಲ, ಹಾಸಿಗೆಯ ಪಕ್ಕ ನಿಂತು ಮಾಡಿ. ನೀವು ಹಾಕಿಕೊಳ್ಳಬೇಕೆಂದಿರುವ ರೀತಿಯಲ್ಲೇ ಹಾಕಿಕೊಂಡು, ಕ್ಯಾಮೆರಾ ಸರಿಯಾದ ಜಾಗಕ್ಕೆ ಬರುವವರೆಗೆ ಗಂಟು ಸರಿಸಿ. ಅಡ್ಡ ಹಾಕುವುದಾದರೆ ಕ್ಯಾಮೆರಾದ ಮೇಲ್ತುದಿ ಸೊಂಟದ ಮೂಳೆಯ ಹತ್ತಿರ ಬಂದು, ಕೈ ಇಳಿಬಿಟ್ಟರೆ ಹಿಡಿ ತಾನಾಗಿ ಸಿಗಬೇಕು. ಅದಕ್ಕಿಂತ ಕೆಳಗಿಳಿದರೆ ತೊಡೆಗೆ ಬಡಿಯುತ್ತದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಲೆನ್ಸಿಗೆ ತಾಗುತ್ತದೆ. ಕೊರಳಿಗಾದರೆ ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಜಾಗ.

ಈಗ ಹಗ್ಗ ಬಿಚ್ಚಿ ಟೇಪಿನಲ್ಲಿ ಅಳೆಯಿರಿ. ಸಾಮಾನ್ಯವಾಗಿ ಕೊರಳಿಗೆ 90ರಿಂದ 110 ಸೆಂಟಿಮೀಟರ್, ಅಡ್ಡ ಹಾಕಲು 120ರಿಂದ 140 ಬರುತ್ತದೆ. ಚಳಿಗಾಲದ ದಪ್ಪ ಜಾಕೆಟ್ ಹಾಕುವ ಊರಿಗೆ ಹೊರಟಿದ್ದರೆ ಜಾಕೆಟ್ ತೊಟ್ಟೇ ಅಳೆಯಿರಿ, ಬರಿ ಅಂಗಿಯ ಮೇಲಿನ ಅಳತೆ ಸಾಲುವುದಿಲ್ಲ. ಸ್ಟ್ರ್ಯಾಪ್ ಕೊಳ್ಳುವಾಗ ಗರಿಷ್ಠ ಉದ್ದ ಎಲ್ಲರೂ ನೋಡುತ್ತಾರೆ, ಕನಿಷ್ಠ ಉದ್ದ ಯಾರೂ ನೋಡುವುದಿಲ್ಲ. ಗಿಡ್ಡಗಿರುವವರಿಗೆ ಎಷ್ಟು ಬಿಗಿದರೂ ಕ್ಯಾಮೆರಾ ಮೇಲೆ ಬಾರದ ಪಾಡು ಆಗುವುದು ಅದರಿಂದಲೇ.

ನಿಮ್ಮ ಅಳತೆ ಸ್ಟ್ರ್ಯಾಪಿನ ಕನಿಷ್ಠ, ಗರಿಷ್ಠ ಉದ್ದಗಳ ನಡುವೆ ಬರಬೇಕು. ಒಂದೇ ಎಳೆತಕ್ಕೆ ಉದ್ದ ಬದಲಾಗುವ ಹಿಡಿ ಇದ್ದರೆ ಇನ್ನೂ ಒಳ್ಳೆಯದು. ಜನಜಂಗುಳಿಯಲ್ಲಿ ಗಿಡ್ಡ ಮಾಡಿ ಕಂಕುಳಿಗೆ ಅವಚಿಕೊಳ್ಳಬಹುದು, ಬಯಲಿಗೆ ಬಂದಾಗ ಸಡಿಲ ಬಿಡಬಹುದು. ಇನ್ನೊಂದು ಉಪಯೋಗವೂ ಇದೆ: ಪಟ್ಟಿಯನ್ನು ಗಿಡ್ಡ ಮಾಡಿ ಕತ್ತಿಗೆ ಹಾಕಿಕೊಂಡು, ಕ್ಯಾಮೆರಾವನ್ನು ಪಟ್ಟಿ ಬಿಗಿಯಾಗುವಷ್ಟು ಮುಂದಕ್ಕೆ ಚಾಚಿ ಹಿಡಿಯಿರಿ. ಸ್ಕ್ರೀನ್ ನೋಡಿಕೊಂಡು ವಿಡಿಯೊ ಮಾಡುವಾಗ ಕೈನಡುಕ ಎಷ್ಟೋ ಕಡಿಮೆಯಾಗುತ್ತದೆ.

ಹೆಜ್ಜೆ 4: ಅಗಲ, ಮೆತ್ತೆ, ಬಟ್ಟೆ

ಮೇಲೆ ಹೇಳಿದ 1,370 ಗ್ರಾಮಿನ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಪಟ್ಟಿ ಮೈಗೆ ಒತ್ತುವ ಉದ್ದ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಪಟ್ಟಿ 1 ಸೆಂಟಿಮೀಟರ್ ಅಗಲವಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 91 ಗ್ರಾಂ ಒತ್ತಡ. 4 ಸೆಂಟಿಮೀಟರ್ ಅಗಲವಿದ್ದರೆ ಅದು 23ಕ್ಕೆ ಇಳಿಯುತ್ತದೆ. ತೂಕ ಒಂದು ಗ್ರಾಮೂ ಇಳಿದಿಲ್ಲ, ಬರೆ ಮಾತ್ರ ಮಾಯ.

ಹಾಗೆಂದು ಅಗಲ ಹೆಚ್ಚಿಸುತ್ತಲೇ ಹೋಗುವುದರಲ್ಲಿ ಅರ್ಥವಿಲ್ಲ. ಹೆಗಲು ಹಲಗೆಯಲ್ಲ, ಇಳಿಜಾರು. ಆರೇಳು ಸೆಂಟಿಮೀಟರಿನ ಗಡಸು ಪಟ್ಟಿ ಪೂರ್ತಿ ಒರಗುವುದೇ ಇಲ್ಲ, ಕತ್ತಿನ ಕಡೆಯ ಅಂಚು ಮಾತ್ರ ಒತ್ತುತ್ತದೆ. ಆಗ ಅಗಲವಾದ ಪಟ್ಟಿಯೂ ಕಿರಿದಾದ ಪಟ್ಟಿಯಂತೆಯೇ ಕಚ್ಚುತ್ತದೆ. ನಾಲ್ಕರಿಂದ ಐದು ಸೆಂಟಿಮೀಟರ್, ಬಾಗುವಷ್ಟು ಮೆತ್ತಗೆ, ಅಂಚು ಹರಿತವಿಲ್ಲದ್ದು ನೋಡಿ. ಅಂಚನ್ನು ಕೆನ್ನೆಯ ಮೇಲೆ ಒಮ್ಮೆ ಎಳೆದರೆ ಗೊತ್ತಾಗುತ್ತದೆ. ಕೆನ್ನೆಗೆ ಚುಚ್ಚಿದ್ದು ಬೆವರಿದ ಕತ್ತನ್ನು ತರಚದೆ ಬಿಡುವುದಿಲ್ಲ.

ನಿಯೋಪ್ರೀನ್ ಎಂಬ ರಬ್ಬರಿನಂಥ ಮೆತ್ತೆ ಅಂಗಡಿಯಲ್ಲಿ ಹಾಕಿಕೊಂಡಾಗ ಹತ್ತಿಯ ಮೂಟೆಯಂತೆ ಹಿತ. ಅದು ಹಿಗ್ಗುತ್ತದಾದ್ದರಿಂದ ಹೆಜ್ಜೆಯ ಏಟನ್ನು ತಾನೇ ನುಂಗುತ್ತದೆ. ನಿಧಾನ ನಡೆಯುವವರಿಗೆ ಇದು ವರ. ಚುರುಕಾಗಿ ನಡೆಯುವವರಿಗೆ ಕ್ಯಾಮೆರಾ ಲಾಸ್ಯವಾಡುತ್ತದೆ, ಸೆಕೆಯಲ್ಲಿ ಅದರಡಿ ಬೆವರು ಆರುವುದೂ ಇಲ್ಲ. ನಾನು ಒಂದು ಬೇಸಿಗೆ ಇದನ್ನು ಹಾಕಿ ಬೆವರುಸಾಲೆ ಎಬ್ಬಿಸಿಕೊಂಡೆ. ಆಮೇಲೆ ಮುಟ್ಟಿಲ್ಲ.

ಕಾರಿನ ಸೀಟ್ ಬೆಲ್ಟಿನ ಜಾತಿಯ ನೇಯ್ಗೆ ಇದೆಯಲ್ಲ, ಅದು ಪ್ರವಾಸಕ್ಕೆ ಎಲ್ಲಕ್ಕಿಂತ ಹೊಂದುತ್ತದೆ. ನುಣುಪು, ಗಟ್ಟಿ, ಬೇಗ ಒಣಗುತ್ತದೆ, ಸುತ್ತಿಟ್ಟರೆ ಮುಷ್ಟಿಯಷ್ಟೇ. ನೈಲಾನ್ ನೀರು ಕುಡಿದು ಸ್ವಲ್ಪ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಹತ್ತಿಯದು ಚರ್ಮಕ್ಕೆ ಹಿತ, ಆದರೆ ಮಳೆಯಲ್ಲಿ ನೆಂದರೆ ಮರುದಿನವೂ ಒದ್ದೆ. ಚರ್ಮದ ಪಟ್ಟಿ ಹಳೆಯದಾದಷ್ಟೂ ಮೈಗೆ ಒಗ್ಗುತ್ತದೆ. ಹೊಸದರಲ್ಲಿ ಗಡಸು, ನೆಂದರೆ ಕೆಲವು ಬಿಳಿ ಅಂಗಿಗೆ ಬಣ್ಣ ಬಿಡುತ್ತವೆ, ತೇವದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಚರ್ಮದ್ದೇ ಬೇಕು ಎನ್ನುವವರು ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಕೊಂಡು ಪಳಗಿಸಿಕೊಳ್ಳಿ. ಇನ್ನು ಪರ್ವತಾರೋಹಿಗಳ ಹಗ್ಗದಂಥ ದುಂಡನೆಯ ಸ್ಟ್ರ್ಯಾಪ್‌ಗಳು ಫೋಟೊದಲ್ಲಿ ಸೊಗಸು. ದುಂಡಗಿನದು ಮೈಗೆ ತಾಗುವುದೇ ಒಂದು ಗೆರೆಯಷ್ಟು, ಹಗುರ ಕ್ಯಾಮೆರಾಕ್ಕಷ್ಟೇ ಸರಿ.

ಹೆಜ್ಜೆ 5: ಕ್ಯಾಮೆರಾಕ್ಕೆ ಸೇರುವ ಜಾಗ

ಸ್ಟ್ರ್ಯಾಪ್ ಹರಿದು ಕ್ಯಾಮೆರಾ ಬಿತ್ತು ಎನ್ನುವುದು ಅಪರೂಪ. ಕಳಚಿಕೊಂಡು ಬಿದ್ದದ್ದೇ ಹೆಚ್ಚು. ಹಾಗಾಗಿ ಈ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಿಮ್ಮ ಕ್ಯಾಮೆರಾದ ಕಿವಿ ಎಂಥದ್ದು ನೋಡಿ. ಚಪ್ಪಟೆ ಸೀಳಿದ್ದರೆ ಒಂದು ಸೆಂಟಿಮೀಟರ್ ಆಸುಪಾಸಿನ ಪಟ್ಟಿ ನೇರವಾಗಿ ತೂರುತ್ತದೆ. ಫ್ಯೂಜಿಫಿಲ್ಮ್, ಲೈಕಾಗಳಲ್ಲಿ ಸಾಮಾನ್ಯವಾಗಿ ಕಾಣುವ ದುಂಡು ಕಣ್ಣಾದರೆ ಕೀಲಿಕೈ ಗೊಂಚಲಿನಂಥ ಉಂಗುರ ಬೇಕು. ಉಂಗುರ ಏರಿಸುವಾಗ ಉಗುರು ಮುರಿದುಕೊಳ್ಳುವ ಬದಲು ಸಂದಿಗೆ ತೆಳುವಾದ ಪ್ಲಾಸ್ಟಿಕ್ ಕಾರ್ಡಿನ ಮೂಲೆ ತೂರಿಸಿ. ಏರಿದ ಮೇಲೆ ಸಂದಿ ಪೂರ್ತಿ ಮುಚ್ಚಿಕೊಂಡಿತೇ ಎಂದು ನೋಡಿ, ಬಾಯಿ ತೆರೆದ ಉಂಗುರವನ್ನು ಎಸೆದುಬಿಡಿ. ಉಂಗುರ ಮತ್ತು ಕ್ಯಾಮೆರಾದ ನಡುವೆ ಚರ್ಮದ ಚಿಕ್ಕ ತುಂಡು ಇಲ್ಲದಿದ್ದರೆ ಆರು ತಿಂಗಳಲ್ಲಿ ಎರಡೂ ಬದಿಗೆ ಅರ್ಧಚಂದ್ರದ ಗೀರು ಬೀಳುತ್ತದೆ.

ಪಟ್ಟಿಯನ್ನು ಬಕಲಿಗೆ ಹಾಕುವ ಬಗೆ ಎಷ್ಟು ಜನಕ್ಕೆ ಗೊತ್ತಿದೆಯೋ! ಮೊದಲು ಚಿಕ್ಕ ಪ್ಲಾಸ್ಟಿಕ್ ಬಳೆಯನ್ನು ಪಟ್ಟಿಗೆ ಏರಿಸಿ. ಪಟ್ಟಿಯ ತುದಿ ಕ್ಯಾಮೆರಾದ ಕಿವಿಯೊಳಗೆ ಹೋಗಿ, ಹಿಂದಿರುಗಿ ಬಳೆಯೊಳಗೆ ತೂರಿ, ಅಲ್ಲಿಂದ ಬಕಲಿಗೆ ಬರಬೇಕು. ಬಕಲಿನಲ್ಲಿ ಆಗಲೇ ಒಂದು ಸುತ್ತು ಪಟ್ಟಿ ಇದೆ. ಅದನ್ನು ಸಡಿಲಿಸಿ ಕಮಾನಿನಂತೆ ಎತ್ತಿ, ಅದರ ಅಡಿಯಿಂದ ತುದಿಯನ್ನು ನುಸುಳಿಸಿ. ಬಾಲ ಹೊರಗೆ ಕಾಣದೆ ಎರಡು ಪದರದ ನಡುವೆ ಅಡಗಿ ಕೂರಬೇಕು. ಐದು ಸೆಂಟಿಮೀಟರ್ ಬಾಲ ಉಳಿಯುವಂತೆ ನೋಡಿಕೊಳ್ಳಿ. ಆಮೇಲೆ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಪಟ್ಟಿ ಹಿಡಿದು ಜಗ್ಗಿ. ಒಂದು ಮಿಲಿಮೀಟರ್ ಜಾರಿದರೂ ಬಿಚ್ಚಿ ಮೊದಲಿನಿಂದ ಹಾಕಿ.

ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕುವ ಸ್ಟ್ರ್ಯಾಪ್‌ಗಳ ಕಥೆ ಬೇರೆ. ಆ ತೂತು ಎಲ್ಲ ಕಂಪನಿಗಳಲ್ಲೂ ಒಂದೇ ಅಳತೆ, ಕಾಲಿಂಚು, ಇಂಚಿಗೆ 20 ಸುತ್ತು. ಆದ್ದರಿಂದ ಯಾವುದಾದರೂ ಹೊಂದುತ್ತದೆ. ಕ್ಯಾಮೆರಾ ತಲೆಕೆಳಗಾಗಿ ಸೊಂಟಕ್ಕೆ ಅಂಟಿಕೊಂಡು ಬರುವುದು ಹಿತವೇ. ಆದರೆ ಸ್ಕ್ರೂ ಎಂದಮೇಲೆ ಸಡಿಲವಾಗಲೇಬೇಕು. ಒಂದು ಸಲ ಆರು ಗಂಟೆ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಇಳಿದಾಗ ಕ್ಯಾಮೆರಾ ಯಾಕೋ ಗಿರಗಿರ ತಿರುಗುತ್ತಿದೆ ಎನ್ನಿಸಿತು. ನೋಡಿದರೆ ಸ್ಕ್ರೂ ಒಂದೂವರೆ ಸುತ್ತಿನಲ್ಲಿ ಹಿಡಿದುಕೊಂಡಿದೆ! ಅಂದಿನಿಂದ ಎರಡು ಕೆಲಸ ಬಿಟ್ಟಿಲ್ಲ. ಸ್ಕ್ರೂ ಬಿಗಿದ ಮೇಲೆ ಅದರ ತಲೆಯಿಂದ ಅದು ಹಿಡಿದಿರುವ ತಳದ ಪ್ಲೇಟಿಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಗೆರೆ ಮುರಿದು ಕಂಡಿತೆಂದರೆ ಸ್ಕ್ರೂ ತಿರುಗಿದೆ ಎಂದೇ ಅರ್ಥ. ಎರಡನೆಯದು, ಕ್ಯಾಮೆರಾದ ಕಿವಿಗೆ ಒಂದು ಪುಟ್ಟ ದಾರ ಕಟ್ಟಿ ಸ್ಟ್ರ್ಯಾಪಿಗೆ ಸೇರಿಸಿರುತ್ತೇನೆ. ಸ್ಕ್ರೂ ಕೈಕೊಟ್ಟರೂ ಕ್ಯಾಮೆರಾ ನೆಲ ಮುಟ್ಟುವುದಿಲ್ಲ. ಸಣ್ಣ ಕ್ಯಾಮೆರಾಗಳಲ್ಲಿ ಈ ಪ್ಲೇಟು ಬ್ಯಾಟರಿಯ ಬಾಗಿಲಿಗೆ ಅಡ್ಡ ಬರುವುದೂ ಉಂಟು, ಕೊಳ್ಳುವ ಮುಂಚೆ ತೆರೆದು ಮುಚ್ಚಿ ನೋಡಿ.

ಉದ್ದ ಲೆನ್ಸಿಗೆ ತನ್ನದೇ ಟ್ರೈಪಾಡ್ ಕಾಲು ಇದ್ದರೆ ಸ್ಟ್ರ್ಯಾಪನ್ನು ಅಲ್ಲಿಗೇ ಸೇರಿಸಿ, ಕ್ಯಾಮೆರಾಕ್ಕಲ್ಲ. ಒಂದು ಕೆಜಿಯ ಲೆನ್ಸ್ ದಿನವಿಡೀ ಮೌಂಟನ್ನು (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ಜಗ್ಗುವುದು ತಪ್ಪುತ್ತದೆ, ಸಮತೋಲವೂ ಚೆನ್ನಾಗಿರುತ್ತದೆ. ಸಾಧಾರಣ ಲೆನ್ಸಿಗೆ ಒಂದು ತುದಿ ಬದಿಯ ಕಿವಿಗೆ, ಇನ್ನೊಂದು ತುದಿ ತಳದ ಪ್ಲೇಟಿಗೆ ಹಾಕಿದರೆ ಲೆನ್ಸ್ ಹೊರಕ್ಕೆ ಚಾಚದೆ ಕೆಳಮುಖವಾಗಿ ಮಲಗುತ್ತದೆ. ಬಾಗಿಲ ಚೌಕಟ್ಟಿಗೆ ಲೆನ್ಸ್ ಬಡಿಸಿಕೊಂಡವರಿಗೆ ಇದರ ಬೆಲೆ ಗೊತ್ತು.

ಥಟ್ಟನೆ ಬಿಚ್ಚುವ ಕೊಂಡಿಗಳು ಇದ್ದರೆ ನೆಮ್ಮದಿ. ಟ್ರೈಪಾಡಿನ ಮೇಲೆ ಇಟ್ಟು, ಹೆಚ್ಚು ಹೊತ್ತು ಬೆಳಕು ಒಳಬಿಡುವ ದೀರ್ಘ ಎಕ್ಸ್‌ಪೋಷರ್ ಕೊಡುವಾಗ ಪಟ್ಟಿ ಗಾಳಿಗೆ ಪಟಪಟಿಸಿದರೆ ಚಿತ್ರ ಅಲುಗುತ್ತದೆ, ಆಗ ತೆಗೆದಿಡಬಹುದು. ಪೀಕ್ ಡಿಸೈನ್‌ನವರ ಗುಂಡಿಯಂಥ ಕೊಂಡಿಗಳು 90 ಕೆಜಿ ತಡೆಯುತ್ತವೆ ಎಂದು ಕಂಪನಿ ಹೇಳುತ್ತದೆ. ಅಷ್ಟಿದ್ದರೂ ಅವುಗಳ ದಾರ ಸವೆಯುವಂಥದ್ದು. ಹೊರಪದರ ಸವೆದು ಒಳಗಿನ ಬೇರೆ ಬಣ್ಣ ಇಣುಕಿದರೆ ಬದಲಿಸಲೇಬೇಕು. ಹೆಸರಿಲ್ಲದ ಅಗ್ಗದ ನಕಲುಗಳಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ಹೆಜ್ಜೆ 6: ಮನೆಯಲ್ಲೇ ಎರಡು ಗಂಟೆ

ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡರೆ ಎಲ್ಲ ಸ್ಟ್ರ್ಯಾಪೂ ಹಿತವೇ. ನೋವು ತಿಳಿಯುವುದು ನಲವತ್ತು ನಿಮಿಷದ ಮೇಲೆ. ಕೊಂಡ ದಿನವೇ, ವಾಪಸ್ ಕೊಡುವ ಅವಧಿ ಇರುವಾಗಲೇ ಪರೀಕ್ಷೆ ಮಾಡಿ. ಕ್ಯಾಮೆರಾ ಹಾಕಿಕೊಂಡು ಮನೆಕೆಲಸ ಮಾಡಲು ಧೈರ್ಯವಿಲ್ಲದಿದ್ದರೆ ಅಷ್ಟೇ ತೂಕದ ನೀರಿನ ಬಾಟಲಿ ಕಟ್ಟಿಕೊಳ್ಳಿ. ಒಂದು ಲೀಟರ್ ನೀರೆಂದರೆ ಒಂದು ಕೆಜಿ, ಲೆಕ್ಕ ಸುಲಭ. ಪ್ರವಾಸದಲ್ಲಿ ತೊಡುವ ಅಂಗಿಯನ್ನೇ ತೊಟ್ಟು, ಚೀಲ ಬೆನ್ನಿಗೆ ಹಾಕಿ, ಮೆಟ್ಟಿಲು ಹತ್ತಿ ಇಳಿಯಿರಿ, ಬಗ್ಗಿ ಶೂ ಲೇಸ್ ಕಟ್ಟಿ, ಕುರ್ಚಿಯಲ್ಲಿ ಕೂತು ಏಳಿ. ಬಗ್ಗಿದಾಗ ಕ್ಯಾಮೆರಾ ಮುಂದಕ್ಕೆ ರಪ್ಪನೆ ಬಂದು ನೆಲಕ್ಕೆ ಬಡಿಯುವಂತಿದ್ದರೆ ಉದ್ದ ಕಡಿಮೆ ಮಾಡಿ. ಕೈ ಪದೇ ಪದೇ ಹೆಗಲಿಗೆ ಹೋಗಿ ಪಟ್ಟಿ ಸರಿಪಡಿಸುತ್ತಿದ್ದರೆ ಆ ಸ್ಟ್ರ್ಯಾಪ್ ನಿಮ್ಮದಲ್ಲ, ಎಷ್ಟೇ ಹೊಗಳಿಕೆ ಓದಿದ್ದರೂ ಸರಿ.

ಪ್ರವಾಸದಲ್ಲಿ ಗಂಟೆಗೊಮ್ಮೆ ಹೆಗಲು ಬದಲಿಸಿ. ಊಟಕ್ಕೆ ಕೂತಾಗ ಪಟ್ಟಿಯನ್ನು ಮೇಜಿನ ಅಂಚಿನಿಂದ ಜೋತುಬಿಡಬೇಡಿ, ಹಾದುಹೋಗುವವರ ಕೈಯೋ ಮಗುವಿನ ಕುತೂಹಲವೋ ಅದನ್ನು ಎಳೆಯದೆ ಬಿಡುವುದಿಲ್ಲ. ಕುರ್ಚಿಯ ಬೆನ್ನಿಗೂ ಬೇಡ. ದಿನದ ಕೊನೆಗೆ ಉಂಗುರ, ಬಕಲ್, ಸ್ಕ್ರೂ ಒಮ್ಮೆ ಬೆರಳಾಡಿಸಿ ನೋಡಿ. ಬೆವರಿನ ಉಪ್ಪು ಕೂತು ಪಟ್ಟಿ ಗಡಸಾಗಿದ್ದರೆ ಉಗುರುಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ಜಾಲಿಸಿ ನೆರಳಲ್ಲಿ ಒಣಗಿಸಿ. ಚರ್ಮದ್ದಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಉದ್ದ ಸರಿಮಾಡಿಕೊಂಡ ಮೇಲೆ ಮಿಕ್ಕ ಬಾಲವನ್ನು ಕತ್ತರಿಸಲು ಕೈ ತುರಿಸುತ್ತದೆ. ಒಂದು ಪ್ರವಾಸ ಮುಗಿಯುವವರೆಗೆ ತಡೆಯಿರಿ, ಜಾಕೆಟ್ ದಿನಗಳಿಗೆ ಅದು ಬೇಕಾದೀತು. ಕತ್ತರಿಸಿದರೆ ನೈಲಾನ್ ಅಥವಾ ಪಾಲಿಯೆಸ್ಟರಿನ ತುದಿಯನ್ನು ಲೈಟರಿನ ಉರಿಗೆ ಹಿಡಿದು ಕರಗಿಸಿ ಮುಚ್ಚಿ, ಇಲ್ಲದಿದ್ದರೆ ನೇಯ್ಗೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹತ್ತಿಯ ಪಟ್ಟಿಗೆ ಬೆಂಕಿ ತೋರಿಸಬೇಡಿ, ಅದಕ್ಕೆ ಸೂಜಿ ದಾರವೇ ಗತಿ.